ತೋಟದ ಡೇಟಾಲಾಗರನ್ನು ಕಂಪ್ಯೂಟರಿನಿಂದ ಹೊಂದಿಸುವುದು: ಮೊದಲ ಕೇಬಲಿನಿಂದ ಮೊದಲ ಮಳೆವರೆಗೆ

ಹೆಬ್ರಿ ಕಡೆ ನನ್ನ ಮಾವನಿಗೆ ಅಡಿಕೆ ತೋಟ ಉಂಟು. ಅಂಗಳದ ಮೂಲೆಯಲ್ಲಿ ಅವರದ್ದೊಂದು ಕೈಯಿಂದ ಅಳೆಯುವ ಮಳೆಮಾಪಕ, ಜಗಲಿಯಲ್ಲಿ ನೂಲು ಕಟ್ಟಿದ ಪೆನ್ನು, ಅಂಚು ಮುದುಡಿದ ಡೈರಿ. ಜುಲೈ ತಿಂಗಳ ಒಂದು ಬೆಳಿಗ್ಗೆ ಆ ಡೈರಿಯಲ್ಲಿ 148 ಮಿಲಿಮೀಟರ್ ಅಂತ ಬರೆದಿತ್ತು. ನಾನು ತೋಟದಲ್ಲಿ ಕೂರಿಸಿದ್ದ ಡೇಟಾಲಾಗರಿನಲ್ಲಿ, ಅಂದರೆ ಸೆನ್ಸರುಗಳ ಅಳತೆಯನ್ನು ತಾನಾಗಿ ಬರೆದಿಡುವ ಪೆಟ್ಟಿಗೆಯಲ್ಲಿ, ಅದೇ ದಿನದ ಮಳೆ 0.017.

"ಎಂತ ಮಾರಾಯ, ನಿನ್ನ ಪೆಟ್ಟಿಗೆಗೆ ಮಾತ್ರ ಮಳೆ ಬರ್ಲಿಲ್ವಾ?" ಅಂದರು ಮಾವ.

ಸೆನ್ಸರ್ ಸರಿ ಇತ್ತು. ವಯರು ಸರಿ ಇತ್ತು. ಬ್ಯಾಟರಿಯೂ ತುಂಬಿತ್ತು. ತಪ್ಪಿದ್ದು ನನ್ನ ಲ್ಯಾಪ್‌ಟಾಪಿನಲ್ಲಿ, ಒಂದೇ ಒಂದು ಕ್ಲಿಕ್ಕಿನಲ್ಲಿ. ಆ ಕ್ಲಿಕ್ ಯಾವುದು ಅಂತ ಮುಂದೆ ಹೇಳುತ್ತೇನೆ. ಹೊಸದಾಗಿ ಲಾಗರ್ ತಂದವರು ಸೆನ್ಸರಿನ ಬಗ್ಗೆ, ಕಂಬದ ಬಗ್ಗೆ ತುಂಬ ತಲೆ ಕೆಡಿಸಿಕೊಳ್ಳುತ್ತಾರೆ. ಕಂಪ್ಯೂಟರಿನ ಕೆಲಸವನ್ನು ಮಾತ್ರ ತೋಟದಲ್ಲೇ, ಕೊಡೆ ಹಿಡಿದುಕೊಂಡು ಗಡಿಬಿಡಿಯಲ್ಲಿ ಮುಗಿಸುತ್ತಾರೆ. ಅದು ಉಲ್ಟಾ ಆಗಬೇಕು. ಕಂಪ್ಯೂಟರಿನ ಕೆಲಸವೆಲ್ಲ ಮನೆಯ ಮೇಜಿನ ಮೇಲೆ, ಫ್ಯಾನಿನ ಕೆಳಗೆ ಮುಗಿಯಬೇಕು.

ಯಾವ ಲಾಗರ್, ಯಾವ ಸಾಫ್ಟ್‌ವೇರ್

ನಾನು ಬಳಸುವುದು ಕ್ಯಾಂಪ್‌ಬೆಲ್ ಸೈಂಟಿಫಿಕ್‌ನ ಸಿಆರ್300. ಅದೇ ಕಂಪನಿಯ ದೊಡ್ಡಣ್ಣ ಸಿಆರ್1000ಎಕ್ಸ್ ಇದ್ದರೂ ಇಲ್ಲಿ ಹೇಳುವ ಕ್ರಮ ಹೆಚ್ಚುಕಮ್ಮಿ ಹಾಗೆಯೇ ನಡೆಯುತ್ತದೆ. ಬೇರೆ ಕಂಪನಿಯದ್ದಾದರೆ ಮೆನುವಿನ ಹೆಸರುಗಳು ಬೇರೆ ಇರುತ್ತವೆ, ಎಡವುವ ಜಾಗಗಳು ಅವೇ.

ಲಾಗರಿಗೆ ಜೋಡಿಸಿದ್ದು ಮೂರು ಸೆನ್ಸರ್. 200 ಮಿ.ಮೀ. ಬಾಯಿಯ, ಒಂದು ಟಿಪ್ಪಿಗೆ (ಒಳಗಿನ ಬಟ್ಟಲು ಒಮ್ಮೆ ವಾಲಿದರೆ) 0.2 ಮಿ.ಮೀ. ಎಣಿಸುವ ಟಿಪ್ಪಿಂಗ್ ಬಕೆಟ್ ಮಳೆಮಾಪಕ ಒಂದು. ಉಷ್ಣಾಂಶ ಮತ್ತು ತೇವಾಂಶಕ್ಕೆ ಎಸ್‌ಡಿಐ-12 ಅನ್ನುವ ಡಿಜಿಟಲ್ ಸಂಪರ್ಕದ ಸೆನ್ಸರ್ ಇನ್ನೊಂದು. ಮೂರನೆಯದು ಎಲೆ ಒದ್ದೆ ಇದೆಯಾ ಒಣಗಿದೆಯಾ ಅಂತ ಹೇಳುವ, ಎಲೆಯ ಆಕಾರದ್ದೇ ಸೆನ್ಸರ್. ಈ ಮೂರನೆಯದರ ಮೇಲೆಯೇ ಮಾವನ ಕಣ್ಣು. ಅಡಿಕೆಗೆ ಕೊಳೆರೋಗ ತರುವ ಫೈಟಾಫ್ತೊರಾಕ್ಕೆ ಬೇಕಾದ್ದು ಬಿಡದೆ ಉಳಿಯುವ ಒದ್ದೆ. ಎಷ್ಟು ಮಳೆ ಬಂತು ಅನ್ನುವುದಕ್ಕಿಂತ ಎಷ್ಟು ಹೊತ್ತು ಒದ್ದೆ ಇತ್ತು ಅಂತ ಗೊತ್ತಾದರೆ, ಎರಡನೇ ಸಲ ಬೋರ್ಡೊ ಮದ್ದು ಬಿಡುವ ದಿನ ಗೊತ್ತುಮಾಡಲು ಅನುಕೂಲ.

ಕಂಪ್ಯೂಟರ್ ವಿಂಡೋಸಿನದ್ದೇ ಆಗಬೇಕು. ಕಂಪನಿಯ ವೆಬ್‌ಸೈಟಿನಿಂದ ಮೂರು ಸಾಫ್ಟ್‌ವೇರ್ ಇಳಿಸಿಕೊಳ್ಳಿ: ಡಿವೈಸ್ ಕಾನ್ಫಿಗರೇಶನ್ ಯುಟಿಲಿಟಿ, ಶಾರ್ಟ್ ಕಟ್, ಪಿಸಿ400. ಮೂರೂ ದುಡ್ಡಿಲ್ಲದೆ ಸಿಗುತ್ತವೆ. ಲಾಗರ್‌ನೆಟ್ ಅಂತ ದುಡ್ಡು ಕೊಡುವಂಥದ್ದೂ ಇದೆ. ಹತ್ತಾರು ಕೇಂದ್ರಗಳಿಂದ ತಾನಾಗಿ ಡೇಟಾ ಎಳೆಯಬೇಕು ಅನ್ನುವವರಿಗೆ ಅದು. ಒಂದು ತೋಟಕ್ಕೆ ಬೇಡ.

ಕಂಪ್ಯೂಟರ್ ತೆರೆಯುವ ಮೊದಲು ಒಂದು ಹಾಳೆ

ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ. ಏನನ್ನು ಅಳೆಯಬೇಕು, ಎಷ್ಟು ಹೊತ್ತಿಗೊಮ್ಮೆ ನೋಡಬೇಕು, ಎಷ್ಟು ಹೊತ್ತಿಗೊಮ್ಮೆ ಬರೆದಿಡಬೇಕು, ದಿನ ಯಾವಾಗ ಶುರುವಾಗಬೇಕು.

ನೋಡುವುದು ಬೇರೆ, ಬರೆದಿಡುವುದು ಬೇರೆ. ಲಾಗರ್ 10 ಸೆಕೆಂಡಿಗೊಮ್ಮೆ ಸೆನ್ಸರುಗಳನ್ನು ನೋಡುತ್ತದೆ. ಇದು ಸ್ಕ್ಯಾನ್. ಹಾಗೆ ನೋಡಿದ್ದನ್ನೆಲ್ಲ ಒಟ್ಟುಮಾಡಿ 15 ನಿಮಿಷಕ್ಕೊಂದು ಸಾಲು ಬರೆಯುತ್ತದೆ. ಇದು ಟೇಬಲ್. ಕೆಲವರು "ಒಂದು ಸೆಕೆಂಡಿಗೊಂದು ಸಾಲು ಇರಲಿ, ಜಾಸ್ತಿ ಡೇಟಾ ಒಳ್ಳೇದಲ್ವಾ" ಅನ್ನುತ್ತಾರೆ. ಒಳ್ಳೇದಲ್ಲ. ದಿನಕ್ಕೆ 86,400 ಸಾಲು ನೋಡುವವರು ಯಾರು? ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರ, ಅಂದರೆ ಕೆಎಸ್‌ಎನ್‌ಡಿಎಂಸಿ, ಗ್ರಾಮ ಪಂಚಾಯತಿಗಳಲ್ಲಿ ಇಟ್ಟ ಮಳೆಮಾಪಕಗಳೂ 15 ನಿಮಿಷದ ಲೆಕ್ಕದಲ್ಲೇ ನಡೆಯುತ್ತವೆ. ನಮ್ಮದೂ ಹಾಗೆ ಇದ್ದರೆ ಪಂಚಾಯತಿಯ ಅಂಕಿ ಜೊತೆ ಇಟ್ಟು ನೋಡಬಹುದು. 15 ನಿಮಿಷಕ್ಕೊಂದರಂತೆ ದಿನಕ್ಕೆ 96 ಸಾಲು, ವರ್ಷಕ್ಕೆ 35,040. ಲಾಗರಿನ ಒಳಗಿನ ಜಾಗಕ್ಕೆ ಅದು ಏನೂ ಅಲ್ಲ.

10 ಸೆಕೆಂಡಿಗೊಮ್ಮೆ ನೋಡಿದರೆ ನಡುವೆ ಬಿದ್ದ ಮಳೆ ತಪ್ಪಿಹೋಗುವುದಿಲ್ಲವಾ ಅಂತ ಕೇಳಬಹುದು. ಇಲ್ಲ. ಗಂಟೆಗೆ 100 ಮಿ.ಮೀ. ಸುರಿಯುವಾಗ 7.2 ಸೆಕೆಂಡಿಗೊಂದು ಟಿಪ್ ಆಗುತ್ತದೆ. ಅದನ್ನು ಎಣಿಸುವ ಕೌಂಟರ್ ಬೇರೆಯೇ ಇದೆ, ಲಾಗರ್ ನಿದ್ದೆಯಲ್ಲಿದ್ದರೂ ಅದು ಎಣಿಸುತ್ತ ಇರುತ್ತದೆ.

ಇನ್ನು ದಿನದ ವಿಷಯ. ಹವಾಮಾನ ಇಲಾಖೆಯ ಮಳೆಯ ದಿನ ಬೆಳಿಗ್ಗೆ 8:30ಕ್ಕೆ ಮುಗಿಯುತ್ತದೆ. ಮಾವ ಡೈರಿ ಬರೆಯುವುದೂ ಆ ಹೊತ್ತಿಗೇ. ಲಾಗರಿಗೆ ನೀವು ಹೇಳದಿದ್ದರೆ ಅದು ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ ಲೆಕ್ಕ ಹಾಕುತ್ತದೆ. ಆಮೇಲೆ ಯಾರ ಅಂಕಿ ಜೊತೆಗೂ ನಿಮ್ಮದು ಹೊಂದುವುದಿಲ್ಲ. ಹಾಳೆಯಲ್ಲಿ 8:30 ಅಂತ ದಪ್ಪಗೆ ಬರೆದಿಡಿ.

ಡ್ರೈವರ್ ಮೊದಲು, ಕೇಬಲ್ ಆಮೇಲೆ

ಕೈ ಸುಮ್ನೆ ಇರುವುದಿಲ್ಲ, ಪೆಟ್ಟಿಗೆ ಬಿಚ್ಚಿದ ಕೂಡಲೇ ಕೇಬಲ್ ಚುಚ್ಚೋಣ ಅನಿಸುತ್ತದೆ. ತಡೆಯಿರಿ. ಮೊದಲು ಡಿವೈಸ್ ಕಾನ್ಫಿಗರೇಶನ್ ಯುಟಿಲಿಟಿ ತೆರೆದು, ಎಡಗಡೆ ಪಟ್ಟಿಯಲ್ಲಿ ಸಿಆರ್300 ಆಯ್ದುಕೊಳ್ಳಿ. ಅಲ್ಲೇ ಯುಎಸ್‌ಬಿ ಡ್ರೈವರ್ ಹಾಕುವ ಬಟನ್ ಸಿಗುತ್ತದೆ. ಡ್ರೈವರ್ ಕೂತ ಮೇಲೆ ಕೇಬಲ್ ಜೋಡಿಸಿ. ವಿಂಡೋಸಿನ ಡಿವೈಸ್ ಮ್ಯಾನೇಜರಿನಲ್ಲಿ ಹೊಸ ಕಾಂ ಪೋರ್ಟ್ ಒಂದು, ಅಂದರೆ ಲಾಗರಿನ ಜೊತೆ ಮಾತಾಡುವ ದಾರಿ, ಹುಟ್ಟಿಕೊಳ್ಳುತ್ತದೆ. ಅದರ ನಂಬರ್ ನಿಮ್ಮ ಹಾಳೆಗೆ ಬರಲಿ.

ಪೋರ್ಟ್ ಬರಲೇ ಇಲ್ಲವೆಂದರೆ ಮೊದಲ ಗುಮಾನಿ ಕೇಬಲಿನ ಮೇಲೆ. ಲಾಗರಿನದ್ದು ಮೈಕ್ರೋ ಯುಎಸ್‌ಬಿ. ಮನೆಯಲ್ಲಿ ಹಳೇ ಮೊಬೈಲಿನ ಇಂಥ ಕೇಬಲ್ ನಾಲ್ಕಾರು ಬಿದ್ದಿರುತ್ತವೆ. ಅದರಲ್ಲಿ ಕೆಲವು ಬರೀ ಚಾರ್ಜಿಗೆ, ಒಳಗೆ ಡೇಟಾ ವಯರೇ ಇರುವುದಿಲ್ಲ. ಆ ಕೇಬಲಿನಿಂದ ಮೊಬೈಲಿನ ಫೋಟೋ ಕಂಪ್ಯೂಟರಿಗೆ ಬರುತ್ತದಾ ನೋಡಿ. ಬರದಿದ್ದರೆ ಅದಕ್ಕೊಂದು ಗಂಟು ಹಾಕಿ ಬೇರೆ ಇಡಿ, ಮುಂದಿನ ಸಲ ಮತ್ತೆ ಅದೇ ಕೈಗೆ ಸಿಗಬಾರದು.

ಯುಎಸ್‌ಬಿ ಕರೆಂಟಿನಲ್ಲೇ ಲಾಗರ್ ಎಚ್ಚರವಾಗುತ್ತದೆ, ಹೊಂದಿಸುವ ಕೆಲಸಕ್ಕೆ ಅಷ್ಟು ಸಾಕು. ಆದರೆ 12 ವೋಲ್ಟ್ ಬೇಡುವ ಸೆನ್ಸರಿಗೆ ಅದು ಸಾಲದು. ತೇವಾಂಶದ ಸೆನ್ಸರ್ ಏನೂ ಹೇಳುತ್ತಿಲ್ಲ ಅಂತ ಗಾಬರಿಯಾಗುವ ಮೊದಲು 12 ವೋಲ್ಟ್ ಬ್ಯಾಟರಿ ಕೊಟ್ಟಿದ್ದೀರಾ ಅಂತ ನೋಡಿಕೊಳ್ಳಿ. ಸಿಆರ್300ರಲ್ಲಿ ಬ್ಯಾಟರಿಗೆ ಬಿಎಟಿ ಅಂತ ಬರೆದ ಜಾಗ, ಸೋಲಾರ್ ಪ್ಯಾನೆಲಿಗೆ ಸಿಎಚ್‌ಜಿ ಅಂತ ಬರೆದ ಜಾಗ. ಚಾರ್ಜರ್ ಲಾಗರಿನ ಒಳಗೇ ಇದೆ. ಎರಡನ್ನೂ ಅದಲು ಬದಲು ಮಾಡಬೇಡಿ.

ಹೆಸರು ಮತ್ತು ವಿಳಾಸ

ಡಿವೈಸ್ ಕಾನ್ಫಿಗರೇಶನ್‌ನಲ್ಲಿ ಕಾಂ ಪೋರ್ಟ್ ಆಯ್ದು ಕನೆಕ್ಟ್ ಒತ್ತಿ. ಸ್ಟೇಶನ್ ನೇಮ್ ಜಾಗದಲ್ಲಿ ತೋಟದ ಹೆಸರು ಕೊಡಿ. ಇದು ಮುಂದೆ ಡೇಟಾ ಫೈಲಿನ ಮೊದಲ ಸಾಲಿನಲ್ಲಿ ಕಾಣಿಸುತ್ತದೆ, ಎರಡು ಲಾಗರ್ ಆದಾಗ ಯಾವುದು ಯಾವುದೆಂದು ಇದರಿಂದಲೇ ಗೊತ್ತಾಗುವುದು. ಪ್ಯಾಕ್‌ಬಸ್ ವಿಳಾಸ, ಅಂದರೆ ಲಾಗರನ್ನು ಗುರುತಿಸುವ ನಂಬರ್, ಕಂಪನಿಯಿಂದ ಬರುವಾಗ 1 ಇರುತ್ತದೆ. ಒಂದೇ ಲಾಗರ್ ಇದ್ದರೆ ಮುಟ್ಟಬೇಡಿ. ಅಪ್ಲೈ ಒತ್ತಿದಾಗ ಸೆಟ್ಟಿಂಗುಗಳ ಸಾರಾಂಶ ತೋರಿಸುತ್ತದೆ, ಅದನ್ನು ಸೇವ್ ಮಾಡಿಡಿ.

ಅದೇ ಪರದೆಯಲ್ಲಿ ಸೆಂಡ್ ಓಎಸ್ ಅಂತ ಒಂದು ಟ್ಯಾಬ್ ಇದೆ, ಲಾಗರಿನ ಒಳಗಿನ ಆಪರೇಟಿಂಗ್ ಸಿಸ್ಟಮನ್ನು ಹೊಸದು ಮಾಡಲು. ಲಾಗರ್ ಹೊಸತಾಗಿರುವಾಗ, ಒಳಗೆ ಏನೂ ಇಲ್ಲದಿರುವಾಗ ಅದನ್ನು ಮಾಡಿ ಮುಗಿಸಿ. ಮಳೆಗಾಲದ ನಡುವೆ ಆ ಕಡೆ ಹೋಗಬೇಡಿ, ಡೇಟಾ ಮತ್ತು ಸೆಟ್ಟಿಂಗ್ ಎರಡೂ ಅಳಿಸಿಹೋಗಬಹುದು.

ಗಡಿಯಾರ

ಈಗ ಪಿಸಿ400 ತೆರೆಯಿರಿ. ಅದರ ಈಝೀಸೆಟಪ್ ಒಂದೊಂದೇ ಪ್ರಶ್ನೆ ಕೇಳುತ್ತ ಹೋಗುತ್ತದೆ. ಯಾವ ಲಾಗರ್, ಯಾವ ಕಾಂ ಪೋರ್ಟ್, ಬಾಡ್ ರೇಟ್ (ಡೇಟಾ ಹರಿಯುವ ವೇಗ) ಎಷ್ಟು, ಪ್ಯಾಕ್‌ಬಸ್ ವಿಳಾಸ ಯಾವುದು. ಬಾಡ್ ರೇಟ್ 115200, ವಿಳಾಸ 1, ಸೆಕ್ಯುರಿಟಿ ಕೋಡ್ 0. ಇದೆಲ್ಲ ಮೊದಲೇ ತುಂಬಿಯೇ ಇರುತ್ತದೆ. ಕೊನೆಗೆ ಗಡಿಯಾರದ ಪುಟ. ಲಾಗರಿನ ಸಮಯ, ಕಂಪ್ಯೂಟರಿನ ಸಮಯ ಅಕ್ಕಪಕ್ಕ ಕಾಣುತ್ತವೆ. ಸೆಟ್ ಕ್ಲಾಕ್ ಒತ್ತಿದರೆ ಲಾಗರ್ ಕಂಪ್ಯೂಟರಿನ ಸಮಯವನ್ನು ನಂಬುತ್ತದೆ.

ಕಂಪ್ಯೂಟರ್ ಸರಿ ಇದೆಯಾ ಅಂತ ಅದು ಕೇಳುವುದಿಲ್ಲ. ಒಂದು ಮೇ ತಿಂಗಳಲ್ಲಿ ನನ್ನ ಲ್ಯಾಪ್‌ಟಾಪ್ ಕೈಕೊಟ್ಟಿತ್ತು, ಸ್ನೇಹಿತನದ್ದನ್ನು ತಂದಿದ್ದೆ. ಹೊಸದಾಗಿ ವಿಂಡೋಸ್ ಹಾಕಿದ್ದ ಲ್ಯಾಪ್‌ಟಾಪ್, ಟೈಮ್ ಝೋನ್ ಇನ್ನೂ ಅಮೆರಿಕದ ಪಶ್ಚಿಮ ಕರಾವಳಿಯಲ್ಲೇ ಇತ್ತು. ನಾನು ನೋಡದೆ ಸೆಟ್ ಕ್ಲಾಕ್ ಒತ್ತಿದೆ. ಹನ್ನೆರಡೂವರೆ ಗಂಟೆ ಹಿಂದೆ! ವಾರದ ನಂತರ ಗ್ರಾಫ್ ಹಾಕಿದರೆ ಮಧ್ಯಾಹ್ನ ಒಂದೂವರೆಯ ಸೆಕೆ ರಾತ್ರಿ ಒಂದು ಗಂಟೆಗೆ ಬಂದು ಕೂತಿತ್ತು. ಹಾಗಾಗಿ ಲಾಗರ್ ಮುಟ್ಟುವ ಮೊದಲು ಮೊಬೈಲಿನ ಸಮಯ, ಲ್ಯಾಪ್‌ಟಾಪಿನ ಸಮಯ ಎರಡನ್ನೂ ಹೋಲಿಸಿ. ದಿನಾಂಕವನ್ನೂ.

ಗಡಿಯಾರ ತಿಂಗಳಿಗೆ ಒಂದು ನಿಮಿಷದವರೆಗೆ ಆಚೀಚೆ ಆಗಬಹುದು. ಹೋದಾಗಲೆಲ್ಲ ಸರಿಮಾಡಿ. ಹಿಂದಕ್ಕೆ ತಿರುಗಿಸಬೇಕಾಗಿ ಬಂದರೆ ಒಂದೇ ಸಮಯದ ಎರಡು ಸಾಲು ಬರುವುದುಂಟು. ಅದನ್ನು ಬಿಡಿಸಲು ಪ್ರತಿ ಸಾಲಿಗೂ ರೆಕಾರ್ಡ್ ನಂಬರ್ ಇರುತ್ತದೆ.

ಶಾರ್ಟ್ ಕಟ್‌ನಲ್ಲಿ ಪ್ರೋಗ್ರಾಂ

ಲಾಗರ್ ಮಾತಾಡುವುದು ಸಿಆರ್‌ಬೇಸಿಕ್ ಅನ್ನುವ ಭಾಷೆ. ಅದನ್ನು ಕಲಿಯದೆಯೂ ಶಾರ್ಟ್ ಕಟ್ ನಿಮ್ಮ ಪರವಾಗಿ ಬರೆದುಕೊಡುತ್ತದೆ. ಹೊಸ ಪ್ರೋಗ್ರಾಂ ತೆರೆದು ಲಾಗರಿನ ಮಾದರಿ ಕೊಡಿ, ಸ್ಕ್ಯಾನ್ 10 ಸೆಕೆಂಡ್ ಅಂತ ಕೊಡಿ. ಆಮೇಲೆ ಸೆನ್ಸರುಗಳ ದೊಡ್ಡ ಪಟ್ಟಿ ಬರುತ್ತದೆ. ನಿಮ್ಮದರ ಹೆಸರು ಪಟ್ಟಿಯಲ್ಲಿದ್ದರೆ ಡಬಲ್ ಕ್ಲಿಕ್ ಮಾಡಿ ಸೇರಿಸಿ.

ಮಳೆಮಾಪಕ ಬೇರೆ ಕಂಪನಿಯದ್ದಾದರೆ ಪಟ್ಟಿಯಲ್ಲಿ ಇರುವುದಿಲ್ಲ. ಪರವಾಗಿಲ್ಲ. ಜೆನೆರಿಕ್ ವಿಭಾಗದಲ್ಲಿ ಪಲ್ಸ್ ಆಯ್ದು, ವಿಧ ಸ್ವಿಚ್ ಕ್ಲೋಶರ್ ಅಂತ ಕೊಡಿ, ಮಲ್ಟಿಪ್ಲೈಯರ್ 0.2 ಅಂತ ಬರೆಯಿರಿ. ಮಳೆಮಾಪಕದ ಒಳಗೆ ಏತದ ಹಾಗೆ ಆಚೆ ಈಚೆ ವಾಲುವ ಎರಡು ಪುಟ್ಟ ಬಟ್ಟಲು ಇರುತ್ತವೆ. ಪ್ರತಿ ಸಲ ವಾಲುವಾಗ ಒಂದು ಆಯಸ್ಕಾಂತ ಸ್ವಿಚ್ಚಿನ ಮುಂದೆ ಹಾದುಹೋಗುತ್ತದೆ. ಲಾಗರ್ ಎಣಿಸುವುದು ಆ ಸ್ವಿಚ್ಚನ್ನು, 0.2ರಿಂದ ಗುಣಿಸಿದಾಗ ಮಿಲಿಮೀಟರ್. ಮಲ್ಟಿಪ್ಲೈಯರನ್ನು ಇದ್ದ ಹಾಗೆ 1ರಲ್ಲೇ ಬಿಟ್ಟರೆ ನಿಮ್ಮ ತೋಟಕ್ಕೆ ಐದು ಪಟ್ಟು ಮಳೆ.

ಎಸ್‌ಡಿಐ-12 ಸೆನ್ಸರುಗಳಿಗೆ ಒಂದೊಂದು ವಿಳಾಸ ಇರುತ್ತದೆ. ಸಾಮಾನ್ಯವಾಗಿ ಎಲ್ಲವೂ 0 ವಿಳಾಸದಲ್ಲೇ ಬರುತ್ತವೆ. ಒಂದೇ ಸೆನ್ಸರ್ ಇದ್ದರೆ ತೊಂದರೆ ಇಲ್ಲ. ಅದೇ ಟರ್ಮಿನಲಿಗೆ ಇನ್ನೊಂದನ್ನು ಸೇರಿಸಿದಿರೋ, ಹೆಸರು ಕರೆದಾಗ ಇಬ್ಬರೂ ಒಟ್ಟಿಗೆ ಓಗೊಡುತ್ತಾರೆ, ಲಾಗರಿಗೆ ಎಂತದೂ ಅರ್ಥವಾಗುವುದಿಲ್ಲ. ಎರಡನೆಯದನ್ನು ಒಂಟಿಯಾಗಿ ಜೋಡಿಸಿ, ವಿಳಾಸ 1 ಮಾಡಿ, ಆಮೇಲೆ ಒಟ್ಟುಸೇರಿಸಿ.

ಈಗ ಔಟ್‌ಪುಟ್ ಪುಟ. ನನ್ನ 0.017 ಹುಟ್ಟಿದ್ದು ಇಲ್ಲೇ. ಎಡಗಡೆ ಸೆನ್ಸರುಗಳು, ಬಲಗಡೆ ಟೇಬಲ್, ನಡುವೆ ಆವರೇಜ್, ಮ್ಯಾಕ್ಸಿಮಮ್, ಮಿನಿಮಮ್, ಸ್ಯಾಂಪಲ್, ಟೋಟಲ್ ಅಂತ ಬಟನ್‌ಗಳ ಸಾಲು. ಉಷ್ಣಾಂಶಕ್ಕೆ ಆವರೇಜ್ ಒತ್ತಿದೆ. ತೇವಾಂಶಕ್ಕೆ ಆವರೇಜ್ ಒತ್ತಿದೆ. ಕೈ ಅದೇ ಲಯದಲ್ಲಿ ಮಳೆಗೂ ಆವರೇಜ್ ಒತ್ತಿತು. ಲಾಗರ್ ಹೇಳಿದ್ದನ್ನೇ ಮಾಡಿತು. ದಿನಕ್ಕೆ 8,640 ಸ್ಕ್ಯಾನ್, 148 ಮಿ.ಮೀ. ಮಳೆಯನ್ನು ಅಷ್ಟರಿಂದ ಭಾಗಿಸಿ 0.017 ಅಂತ ಬರೆದಿಟ್ಟಿತು. ಒಂದೊಂದು ಸ್ಕ್ಯಾನಿಗೆ ಸರಾಸರಿ ಎಷ್ಟು ಮಳೆ ಅಂತ.

ಅದು ಗೊತ್ತಾದ ಮೇಲೆ ಕಳೆದುಹೋದದ್ದು ವಾಪಸ್ ಸಿಕ್ಕಿತು. 0.017ನ್ನು 8,640ರಿಂದ ಗುಣಿಸಿದರೆ 146.9. ಹತ್ತಿರ, ಆದರೆ 148 ಅಲ್ಲ. ಮೂರೇ ದಶಮಾಂಶ ಉಳಿದಿದ್ದರಿಂದ ಅಷ್ಟು ಸೋರಿಹೋಗಿತ್ತು. 15 ನಿಮಿಷದ ಟೇಬಲ್ ಇನ್ನೂ ಚೆನ್ನಾಗಿ ಕಾಪಾಡಿತು. ಅಲ್ಲಿ ಒಂದು ಸಾಲಿಗೆ 90 ಸ್ಕ್ಯಾನ್. ಒಂದು ಸಾಲಿನಲ್ಲಿ 0.022 ಇದ್ದರೆ 90ರಿಂದ ಗುಣಿಸಿದಾಗ 1.98. ಮಳೆಮಾಪಕ 0.2ರ ಲೆಕ್ಕದಲ್ಲಿ ಮಾತ್ರ ಎಣಿಸುತ್ತದಲ್ವಾ, ಹಾಗಾಗಿ ಅದು 2.0 ಆಗಿರಲೇಬೇಕು, ಹತ್ತು ಟಿಪ್. ಹೀಗೆ ಸಾಲು ಸಾಲಾಗಿ ಒಂದು ಟಿಪ್ಪೂ ಬಿಡದೆ ಹಿಂದಕ್ಕೆ ಪಡೆದೆ. ಒಂದು ಭಾನುವಾರ ಪೂರ್ತಿ ಹೋಯಿತು, ಅದು ಬೇರೆ ಮಾತು.

ಆದ್ದರಿಂದ ಬಟನ್ ಒತ್ತುವ ಮೊದಲು ಪ್ರತಿ ಸಲ ಕೇಳಿಕೊಳ್ಳಿ, ಇದು ಕೂಡಿಸುವಂಥದ್ದಾ, ಸರಾಸರಿ ಹಾಕುವಂಥದ್ದಾ? ಮಳೆ ಕೂಡಿಸುವಂಥದ್ದು, ಟೋಟಲ್. ಎಲೆ ಒದ್ದೆಯಾಗಿದ್ದ ನಿಮಿಷಗಳೂ ಟೋಟಲ್. ಉಷ್ಣಾಂಶಕ್ಕೆ ಆವರೇಜ್ ಜೊತೆ ಮ್ಯಾಕ್ಸಿಮಮ್, ಮಿನಿಮಮ್ ಕೂಡ ಇರಲಿ. ಬ್ಯಾಟರಿ ವೋಲ್ಟೇಜಿಗೆ ಮಿನಿಮಮ್. ಬ್ಯಾಟರಿಯ ಸರಾಸರಿ ಕಟ್ಟಿಕೊಂಡು ಏನು ಮಾಡುವುದು? ಬೆಳಗಿನ ಜಾವ ಎಷ್ಟಕ್ಕೆ ಇಳಿದಿತ್ತು ಅನ್ನುವುದು ಮುಖ್ಯ.

ಎಲ್ಲ ಮುಗಿಸಿ ಫಿನಿಶ್ ಒತ್ತಿದರೆ ಪ್ರೋಗ್ರಾಂ ಜೊತೆಗೆ ವಯರಿಂಗ್ ನಕ್ಷೆಯೂ ಸಿಗುತ್ತದೆ. ಯಾವ ವಯರು ಯಾವ ಟರ್ಮಿನಲಿಗೆ ಅಂತ ಸ್ಪಷ್ಟವಾಗಿರುತ್ತದೆ. ಎರಡು ಪ್ರಿಂಟ್ ತೆಗೆದು, ಒಂದನ್ನು ಲ್ಯಾಮಿನೇಶನ್ ಮಾಡಿಸಿ ಲಾಗರ್ ಪೆಟ್ಟಿಗೆಯ ಬಾಗಿಲಿಗೆ ಒಳಗಿನಿಂದ ಅಂಟಿಸಿ.

8:30 ಮತ್ತು ದೊಡ್ಡ ಅಂಕಿಗಳು

ಶಾರ್ಟ್ ಕಟ್ ಬರೆದುಕೊಟ್ಟ ದಿನದ ಟೇಬಲ್ ಮಧ್ಯರಾತ್ರಿಯದ್ದು. ಅದನ್ನು 8:30ಕ್ಕೆ ತರಲು ಪ್ರೋಗ್ರಾಮನ್ನು ಪಿಸಿ400ರ ಜೊತೆಗೇ ಬರುವ ಸಿಆರ್‌ಬೇಸಿಕ್ ಎಡಿಟರಿನಲ್ಲಿ ತೆರೆಯಿರಿ. ದಿನದ ಟೇಬಲಿನ ಕೆಳಗೆ ಡೇಟಾಇಂಟರ್ವಲ್ ಅಂತ ಒಂದು ಸಾಲು, ಅದರ ಕಂಸದಲ್ಲಿ ಮೊದಲು 0, ಆಮೇಲೆ 1440. 1440 ಅಂದರೆ ದಿನದ ನಿಮಿಷಗಳು. ಮೊದಲಿನ 0 ಅಂದರೆ ಮಧ್ಯರಾತ್ರಿಯಿಂದ ಎಷ್ಟು ನಿಮಿಷಕ್ಕೆ ಬರೆಯಬೇಕು ಅಂತ. ಎಂಟೂವರೆ ಗಂಟೆಗೆ 510 ನಿಮಿಷ. 0 ಅಳಿಸಿ 510 ಬರೆಯಿರಿ. ಅಷ್ಟೇ. ಬೇರೆ ಹೆಸರಲ್ಲಿ ಸೇವ್ ಮಾಡಿ, ಕಂಪೈಲ್ ಒತ್ತಿ ತಪ್ಪೇನಾದರೂ ತೋರಿಸುತ್ತದಾ ನೋಡಿ. ಹೀಗೆ ಕೈಯಿಂದ ತಿದ್ದಿದ್ದು ಶಾರ್ಟ್ ಕಟ್‌ಗೆ ಗೊತ್ತಾಗುವುದಿಲ್ಲ, ಅಲ್ಲಿ ಮತ್ತೆ ಪ್ರೋಗ್ರಾಂ ಮಾಡಿದರೆ ಇದನ್ನೂ ಮತ್ತೆ ತಿದ್ದಬೇಕು.

ಸಾಲಿನ ಸಮಯ ಯಾವಾಗಲೂ ಅವಧಿಯ ಕೊನೆಯದ್ದು. 15ನೇ ತಾರೀಕಿನ 8:30ರ ಸಾಲು ಅಂದರೆ 14ರ 8:30ರಿಂದ 15ರ 8:30ರವರೆಗೆ ಬಿದ್ದ ಮಳೆ. ಮಾವನ ಡೈರಿಯಲ್ಲಿಯೂ ಹಾಗೆಯೇ.

ಇನ್ನೊಂದು ವಿಷಯ ನಮ್ಮ ಕರಾವಳಿಯವರಿಗೆಂದೇ. ಲಾಗರ್ ಅಂಕಿಯನ್ನು ಎಫ್‌ಪಿ2 ಅಥವಾ ಐಇಇಇ4 ಅನ್ನುವ ರೂಪದಲ್ಲಿ ಇಡುತ್ತದೆ. ಎಫ್‌ಪಿ2 ಜಾಗ ಕಡಿಮೆ ತಿನ್ನುತ್ತದೆ, ಆದರೆ ಅಂಕಿ ದೊಡ್ಡದಾದ ಹಾಗೆ ದಶಮಾಂಶ ಬಿಟ್ಟುಕೊಡುತ್ತದೆ. 800 ದಾಟಿದರೆ ದಶಮಾಂಶವೇ ಇಲ್ಲ, 7999ಕ್ಕೆ ಮಿತಿ ಮುಗಿಯಿತು. ಮಳೆ ಕಡಿಮೆ ಇರುವ ಊರಿನಲ್ಲಿ ಇದು ಯಾರಿಗೂ ತಟ್ಟುವುದಿಲ್ಲ. ನಮ್ಮಲ್ಲಿ ಜನವರಿಯಿಂದ ಕೂಡಿಸುತ್ತ ಹೋಗುವ ಒಟ್ಟು ಮಳೆಯ ಲೆಕ್ಕ ಇಟ್ಟರೆ ಜೂನ್ ಮುಗಿಯುವ ಹೊತ್ತಿಗೇ 800 ದಾಟಿರುತ್ತದೆ. ಘಾಟಿ ಹತ್ತಿ ಆಗುಂಬೆಗೆ ಹೋದರೆ ವರ್ಷದ ಸರಾಸರಿಯೇ ಸುಮಾರು 7,600 ಮಿ.ಮೀ., ಒಳ್ಳೆ ಮಳೆಯ ವರ್ಷದಲ್ಲಿ ಎಫ್‌ಪಿ2 ಕೈಚೆಲ್ಲುತ್ತದೆ. ಕೂಡಿಕೆಯ ಲೆಕ್ಕಕ್ಕೆ ಐಇಇಇ4 ಇರಲಿ. ನಾನಂತೂ ಎಲ್ಲದಕ್ಕೂ ಅದನ್ನೇ ಕೊಟ್ಟಿದ್ದೇನೆ, ಜಾಗ ಬೇಕಾದಷ್ಟು ಉಂಟು.

ಕಳಿಸುವ ಮೊದಲು ಎಳೆದುಕೊಳ್ಳಿ

ಪಿಸಿ400ರಲ್ಲಿ ಸೆಂಡ್ ಪ್ರೋಗ್ರಾಂ ಒತ್ತಿದರೆ ಲಾಗರಿನಲ್ಲಿರುವ ಹಳೆ ಟೇಬಲ್‌ಗಳು ಅಳಿಸಿಹೋಗುತ್ತವೆ. ಸಾಫ್ಟ್‌ವೇರ್ ಎಚ್ಚರಿಕೆ ಕೊಡುತ್ತದೆ. ಮಳೆಯಲ್ಲಿ, ಸೊಳ್ಳೆ ಕಚ್ಚುತ್ತಿರುವಾಗ, ಯಾವ ಎಚ್ಚರಿಕೆಯನ್ನೂ ಓದದೆ ಓಕೆ ಒತ್ತುವುದು ಮನುಷ್ಯನ ಸ್ವಭಾವ. ಹೊಸ ಲಾಗರಿನಲ್ಲಿ ಕಳೆದುಕೊಳ್ಳಲು ಏನೂ ಇಲ್ಲ. ಆಮೇಲೆ ಎಷ್ಟೇ ಸಣ್ಣ ತಿದ್ದುಪಡಿ ಇದ್ದರೂ ಮೊದಲು ಕಲೆಕ್ಟ್ ಡೇಟಾ, ಫೈಲ್ ತೆರೆದು ಕೊನೆಯ ಸಾಲು ಇವತ್ತಿನದ್ದೇ ಅಂತ ಕಣ್ಣಾರೆ ನೋಡಿ, ಆಮೇಲೆ ಸೆಂಡ್.

ಪ್ರೋಗ್ರಾಂ ಹೋಗಿ ಕೂತ ಮೇಲೆ ಮಾನಿಟರ್ ಡೇಟಾ ಟ್ಯಾಬಿನಲ್ಲಿ ಪಬ್ಲಿಕ್ ಟೇಬಲ್ ನೋಡಿ. ಅಂಕಿಗಳು 10 ಸೆಕೆಂಡಿಗೊಮ್ಮೆ ಬದಲಾಗುತ್ತಿರಬೇಕು. ಎನ್‌ಎಎನ್ ಅಂತ ಬಂದರೆ ಆ ಸೆನ್ಸರಿನಿಂದ ಉತ್ತರ ಬರುತ್ತಿಲ್ಲ. ವಯರು, 12 ವೋಲ್ಟ್, ಎಸ್‌ಡಿಐ-12 ವಿಳಾಸ, ಈ ಕ್ರಮದಲ್ಲಿ ಹುಡುಕಿ.

ಮೇಜಿನ ಮೇಲೆ ಮಳೆ ತರಿಸುವುದು

ಇದನ್ನು ಮಾಡಿದ್ದರೆ ನನಗೆ ಮಾವನ ಮುಂದೆ ಆ ಮುಖಭಂಗ ಆಗುತ್ತಿರಲಿಲ್ಲ.

200 ಮಿ.ಮೀ. ಬಾಯಿಯ ಮಳೆಮಾಪಕದ ವಿಸ್ತೀರ್ಣ ಸುಮಾರು 314 ಚದರ ಸೆಂ.ಮೀ. ಅದರ ಮೇಲೆ 0.2 ಮಿ.ಮೀ. ಮಳೆ ಅಂದರೆ 6.28 ಮಿ.ಲೀ. ನೀರು. 628 ಮಿ.ಲೀ. ಸುರಿದರೆ 100 ಟಿಪ್ ಆಗಬೇಕು, ಟೇಬಲಿನಲ್ಲಿ 20 ಮಿ.ಮೀ. ಕಾಣಬೇಕು. ಒಂದೇ ಸಲ ಸುರಿಯಬೇಡಿ. ಒಂದು ಲೀಟರಿನ ನೀರಿನ ಬಾಟಲಿಯ ಮುಚ್ಚಳಕ್ಕೆ ಸೂಜಿಯಿಂದ ತೂತು ಮಾಡಿ, ತಳದಲ್ಲೂ ಗಾಳಿಗೆ ಒಂದು ತೂತು ಮಾಡಿ, ಮಳೆಮಾಪಕದ ಬಾಯಿಗೆ ತಲೆಕೆಳಗಾಗಿ ನಿಲ್ಲಿಸಿ. ತಳದ ತೂತನ್ನು ಬೆರಳಿನಿಂದ ಮುಚ್ಚಿ ಹಿಡಿದರೆ ಹನಿ ನಿಲ್ಲುತ್ತದೆ. ಅರ್ಧ ಗಂಟೆಗೆ ಖಾಲಿಯಾಗುವ ಹಾಗೆ ತೊಟ್ಟಿಕ್ಕಲಿ. ಟಕ್, ಟಕ್ ಅಂತ ಸದ್ದು ಕೇಳುತ್ತ ಚಹಾ ಕುಡಿಯಬಹುದು. ನೀರನ್ನು ಅಳೆಯಲು ಮಕ್ಕಳ ಔಷಧಿಯ ಮುಚ್ಚಳ ಸಾಲದು, ಮಿ.ಲೀ. ಗೆರೆ ಇರುವ ಅಳತೆ ಜಾಡಿ ತನ್ನಿ. ಅಡುಗೆ ಮನೆಯ ಡಿಜಿಟಲ್ ತೂಕದ ಯಂತ್ರ ಇದ್ದರೆ ಇನ್ನೂ ಒಳ್ಳೆಯದು, 628 ಗ್ರಾಂ ನೀರು ತೂಗಿದರೆ ಆಯಿತು.

ಪಬ್ಲಿಕ್ ಟೇಬಲಿನ ಅಂಕಿ ನೋಡಿ ತೃಪ್ತಿಪಡಬೇಡಿ. ಅದು ಆ ಕ್ಷಣದ್ದು. ಅರ್ಧ ಗಂಟೆ ಕಳೆದ ಮೇಲೆ ಕಲೆಕ್ಟ್ ಡೇಟಾ ಮಾಡಿ, ಫೈಲಿನಲ್ಲಿರುವ 15 ನಿಮಿಷದ ಸಾಲುಗಳನ್ನು ಕೂಡಿಸಿ. 19.6ರಿಂದ 20.4ರೊಳಗೆ ಬಂದರೆ ನನಗೆ ಒಪ್ಪಿಗೆ. 4 ಬಂದರೆ ಅಥವಾ 100 ಬಂದರೆ ಮಲ್ಟಿಪ್ಲೈಯರ್ ತಪ್ಪಿದೆ. 0.2ರ ಆಸುಪಾಸು ಬಂದರೆ ನನ್ನ ಹಾಗೆ ನೀವೂ ಆವರೇಜ್ ಒತ್ತಿದ್ದೀರಿ.

ಎಲೆ ಸೆನ್ಸರಿಗೂ ಒಂದು ಪರೀಕ್ಷೆ. ಒಣ ಬಟ್ಟೆಯಿಂದ ಒರೆಸಿ ಮಿಲಿವೋಲ್ಟ್ ಬರೆದುಕೊಳ್ಳಿ. ನನ್ನ ಸೆನ್ಸರಿನ ಕೈಪಿಡಿಯ ಪ್ರಕಾರ 274ಕ್ಕಿಂತ ಕೆಳಗೆ ಒಣ, 284 ಮತ್ತು ಮೇಲೆ ಒದ್ದೆ. ಒಂದು ಚಿಮುಕು ನೀರು ಹಾಕಿ, ಜಿಗಿಯುವುದನ್ನು ನೋಡಿ. ತೋಟದಲ್ಲಿ ತಿಂಗಳು ಕಳೆದಾಗ ಧೂಳು, ಬೋರ್ಡೊ ಕಲೆ ಅಂಟಿ ಒಣ ಅಂಕಿ ಮೇಲೇರುತ್ತದೆ. ಮೊದಲ ದಿನದ ಅಂಕಿ ಬರೆದಿಟ್ಟರೆ ಯಾವಾಗ ಒರೆಸಬೇಕು ಅಂತ ಗೊತ್ತಾಗುತ್ತದೆ.

ಎಲ್ಲ ಸರಿಯಾದ ಮೇಲೂ ಎರಡು ರಾತ್ರಿ ಮನೆಯಲ್ಲೇ, ಬ್ಯಾಟರಿಯಲ್ಲೇ ಓಡಲಿ. ಒಂದು 8:30 ಆದರೂ ದಾಟಬೇಕು.

ತೋಟದಲ್ಲಿ

ಇಲ್ಲಿ ಕಂಪ್ಯೂಟರಿನ ಕೆಲಸ ಹತ್ತು ನಿಮಿಷದ್ದು. ಕೇಬಲ್ ಜೋಡಿಸಿ, ಗಡಿಯಾರ ನೋಡಿ, ಮಾನಿಟರ್ ನೋಡಿ, ಮಳೆಮಾಪಕವನ್ನು ಬೆರಳಿನಿಂದ ಐದು ಸಲ ವಾಲಿಸಿ ಐದು ಟಿಪ್ ಬಂತಾ ನೋಡಿ. ಆ ಐದು ಟಿಪ್, 1.0 ಮಿ.ಮೀ., ಸುಳ್ಳು ಮಳೆ ಅಂತ ಸಮಯದ ಸಮೇತ ಹಾಳೆಯಲ್ಲಿ ಬರೆಯಿರಿ. ವರ್ಷದ ನಂತರ ಡಿಸೆಂಬರಿನಲ್ಲಿ ಮಳೆ ಎಲ್ಲಿಂದ ಬಂತು ಅಂತ ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಬ್ಯಾಟರಿಯ ಲೆಕ್ಕ ನಮ್ಮಲ್ಲಿ ಬೇಸಿಗೆಗೆ ಹಾಕಬಾರದು, ಆಟಿ ತಿಂಗಳಿಗೆ (ಜುಲೈ-ಆಗಸ್ಟ್) ಹಾಕಬೇಕು. ಲಾಗರ್ ಮತ್ತು ಸೆನ್ಸರ್ ಸೇರಿ 5 ಮಿಲಿಆಂಪ್ ಎಳೆಯುತ್ತವೆ ಅಂತ ಇಟ್ಟುಕೊಳ್ಳಿ. 7 ಆಂಪ್-ಅವರ್ ಬ್ಯಾಟರಿ 58 ದಿನ ಬರಬೇಕು, ಅರ್ಧದಷ್ಟೇ ಬಳಸಿದರೆ ತಿಂಗಳು. ಸೂರ್ಯ ಕಾಣದೆ ವಾರ ಕಳೆದರೂ ಚಿಂತೆ ಇಲ್ಲ. ಆದರೆ ಪ್ಯಾನೆಲನ್ನು ಅಡಿಕೆ ಮರದ ನೆರಳಿಗೆ ಕಟ್ಟಿದರೆ ಈ ಲೆಕ್ಕ ಯಾವುದೂ ನಡೆಯುವುದಿಲ್ಲ. ನಮ್ಮ ಪ್ಯಾನೆಲ್ ಈಗ ಕೊಟ್ಟಿಗೆಯ ಮಾಡಿನ ಮೇಲಿದೆ.

ಪೆಟ್ಟಿಗೆಯ ವಯರು ಹೋಗುವ ತೂತನ್ನು ಪುಟ್ಟಿಯಿಂದ ಮುಚ್ಚಿ. ಒಳಗೆ ಸಿಲಿಕಾ ಜೆಲ್ ಇಡಿ. ಪುಟ್ಟಿ ಹಾಕದೆ ಬಿಟ್ಟರೆ ಇರುವೆಗಳು ಮೊಟ್ಟೆ ಸಮೇತ ಸಂಸಾರ ಹೂಡುತ್ತವೆ.

ಡೇಟಾ ಎಳೆದ ಮೇಲೆ

ಕಲೆಕ್ಟ್ ಡೇಟಾದಲ್ಲಿ ಎರಡು ಆಯ್ಕೆ. ಹೊಸದನ್ನು ಮಾತ್ರ ಹಳೆ ಫೈಲಿನ ಕೊನೆಗೆ ಸೇರಿಸುವುದು ಒಂದು, ಎಲ್ಲವನ್ನೂ ತಂದು ಹಳೆ ಫೈಲಿನ ಮೇಲೆಯೇ ಬರೆಯುವುದು ಇನ್ನೊಂದು. ಮೊದಲನೆಯದನ್ನೇ ಇಟ್ಟುಕೊಳ್ಳಿ. ಫೈಲಿನ ಮೊದಲ ನಾಲ್ಕು ಸಾಲು ತಲೆಬರಹ. ಎರಡನೆಯದರಲ್ಲಿ ಕಾಲಂ ಹೆಸರು, ಮೂರನೆಯದರಲ್ಲಿ ಅಳತೆಯ ಮಾನ, ನಾಲ್ಕನೆಯದರಲ್ಲಿ ಟೋಟಲ್ಲಾ ಆವರೇಜಾ ಅಂತ ಚಿಕ್ಕದಾಗಿ ಬರೆದಿರುತ್ತದೆ. ಆ ನಾಲ್ಕನೇ ಸಾಲನ್ನು ನಾನು ಮೊದಲ ದಿನವೇ ಓದಿದ್ದರೆ ಭಾನುವಾರ ಉಳಿಯುತ್ತಿತ್ತು.

ಈ ಫೈಲನ್ನು ನೇರವಾಗಿ ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡಬೇಡಿ. ದಿನಾಂಕದ ರೂಪ ಬದಲಾಗುತ್ತದೆ, ಮುಂದಿನ ಸಲ ಪಿಸಿ400 ಸೇರಿಸುವ ಸಾಲುಗಳು ಬೇರೆ ರೂಪದಲ್ಲಿ ಬರುತ್ತವೆ. ನಕಲು ಮಾಡಿ, ನಕಲನ್ನು ತೆರೆಯಿರಿ. ಎಕ್ಸೆಲ್‌ನಲ್ಲಿ ಫೈಲ್ ತೆರೆದೇ ಇದ್ದಾಗ ಡೇಟಾ ಎಳೆಯಲು ಹೋದರೆ ಪಿಸಿ400ಗೆ ಬರೆಯಲು ಆಗುವುದಿಲ್ಲ, ಅದೂ ನೆನಪಿರಲಿ.

ಈಗ ಮಾವ ಪ್ರತಿ ಭೇಟಿಯಲ್ಲೂ ಡೈರಿ ತಂದು ಪಕ್ಕದಲ್ಲಿ ಕೂರುತ್ತಾರೆ. ಕಳೆದ ಸಲ ಅವರದ್ದು 112, ಲಾಗರಿನದ್ದು 109.4. ಜೋರು ಮಳೆಯಲ್ಲಿ ಬಟ್ಟಲು ವಾಲುವ ಆ ಅರೆ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ, ಟಿಪ್ಪಿಂಗ್ ಬಕೆಟ್ ಸ್ವಲ್ಪ ಕಡಿಮೆಯೇ ತೋರಿಸುತ್ತದೆ ಅಂತ ವಿವರಿಸಿದೆ. ಅವರು ಪೆನ್ನಿನ ನೂಲು ಬಿಚ್ಚಿ, 112ರ ಕೆಳಗೆ ಎರಡು ಗೆರೆ ಎಳೆದರು.